ಗೇಮ್ ಆಫ್ ಥ್ರೋನ್ಸ್: ಕೊನೆಯ ಸೀಸನ್‌ಗೆ ಹೊತ್ತೇ ಸಾಲಲಿಲ್ಲ

(ಟಿವಿ ಸರಣಿಗಳನ್ನು ಇಷ್ಟಪಡುವ ಗೆಳೆಯರ ಕೂಟದಲ್ಲಿ ಆಡಿದ ಮಾತಿನ ಬರಹ ರೂಪ. ಕೊನೆಯಲ್ಲಿ ಬಂದ ಕೆಲವು ಪ್ರಶ್ನೆಗಳೂ ಇವೆ.)

ಎಲ್ಲರಿಗೂ ನಮಸ್ಕಾರ. ಇವತ್ತಿನ ಮಾತು, ಏಳು ರಾಜ್ಯಗಳ ಸಿಂಹಾಸನಕ್ಕಾಗಿ ಮನೆತನಗಳು ಬಡಿದಾಡುವ ಟಿವಿ ಸರಣಿ ಗೇಮ್ ಆಫ್ ಥ್ರೋನ್ಸ್‌ನ ಎಂಟನೇ ಸೀಸನ್ ಬಗ್ಗೆ. ಅದೇ ಕೊನೆಯ ಸೀಸನ್. ಯಾರು ಸಾಯುತ್ತಾರೆ, ಯಾರಿಗೆ ಪಟ್ಟ ಸಿಗುತ್ತದೆ, ಎಲ್ಲವನ್ನೂ ಬಿಚ್ಚಿ ಹೇಳುತ್ತೇನೆ. ಇನ್ನೂ ನೋಡದವರು ಯಾರಾದರೂ ಇದ್ದರೆ ಈಗಲೇ ತಿಳಿದಿರಲಿ.

ಈ ಸೀಸನ್ ಮಾತು ಎತ್ತಿದರೆ ಸಾಕು, ಎರಡು ಗುಂಪು ಆಗಿಬಿಡುತ್ತದೆ. ಹಾಳು ಮಾಡಿಬಿಟ್ಟರು ಅನ್ನುವವರು ಒಂದು ಕಡೆ. ಏನಾಗಿದೆ ಅದಕ್ಕೆ, ಚೆನ್ನಾಗೇ ಇತ್ತಲ್ಲ ಅನ್ನುವವರು ಇನ್ನೊಂದು ಕಡೆ. ನನಗೆ ಈ ಸರಣಿ ಅಂದರೆ ಪ್ರಾಣ. ಹಾಗಾಗಿ ನನ್ನ ತಕರಾರು ಏನು ಅನ್ನುವುದನ್ನು ಸರಿಯಾಗಿ ಹೇಳಬೇಕು ಅನ್ನಿಸುತ್ತದೆ. ಡ್ರ್ಯಾಗನ್ ಸಾಕಿದ ರಾಣಿ ಡೆನೇರಿಸ್ ರಾಜಧಾನಿಯನ್ನೇ ಸುಟ್ಟಳು. ಸ್ಟಾರ್ಕ್ ಮನೆತನದ ಹುಡುಗ ಬ್ರ್ಯಾನ್ ರಾಜನಾದ. ಯೋಧ ಜೇಮಿ ತನ್ನ ಅವಳಿ ಸೋದರಿಯೂ ಪ್ರೇಯಸಿಯೂ ಆದ ರಾಣಿ ಸೆರ್ಸಿ ಹತ್ತಿರ ವಾಪಸ್ ಹೋಗಿ ಸತ್ತ. ಈ ಮೂರನ್ನೂ ನಾನು ಒಪ್ಪಬಲ್ಲೆ. ಆದರೆ ಅಲ್ಲಿಗೆ ಹೋಗುವ ದಾರಿಯನ್ನೇ ಕತ್ತರಿಸಿ ಹಾಕಿದರು. ಅದನ್ನು ಇಬ್ಬರ ಕಥೆ ಹಿಡಿದು ತೋರಿಸುತ್ತೇನೆ. ಒಬ್ಬಳು ಬ್ರಿಯೆನ್. ಇನ್ನೊಬ್ಬ ಜೇಮಿ.

ಅದಕ್ಕೂ ಮುಂಚೆ ಸ್ವಲ್ಪ ಹಿನ್ನೆಲೆ. ಜಾರ್ಜ್ ಆರ್. ಆರ್. ಮಾರ್ಟಿನ್ ಅವರ ಕಾದಂಬರಿ ಮಾಲೆ ಇದಕ್ಕೆ ಮೂಲ. ಮೊದಲ ಪುಸ್ತಕ ಬಂದದ್ದು 1996ರಲ್ಲಿ. ಡೇವಿಡ್ ಬೆನಿಯೋಫ್ ಮತ್ತು ಡಿ. ಬಿ. ವೈಸ್ ಇದನ್ನು ಎಚ್‌ಬಿಒ ಅನ್ನುವ ಅಮೆರಿಕದ ಚಾನೆಲ್‌ಗಾಗಿ ಟಿವಿಗೆ ತಂದರು. 2011ರ ಏಪ್ರಿಲ್ 17ಕ್ಕೆ ಅಮೆರಿಕದಲ್ಲಿ ಶುರುವಾಯಿತು, 2019ರ ಮೇ 19ಕ್ಕೆ ಮುಗಿಯಿತು. ಒಟ್ಟು 73 ಎಪಿಸೋಡ್. ಈ 73 ಹೇಗೆ ಹಂಚಿಹೋಗಿದೆ ನೋಡಿ. ಮೊದಲ ಆರು ಸೀಸನ್‌ಗೆ ತಲಾ 10. ಏಳನೆಯದಕ್ಕೆ 7. ಎಂಟನೆಯದಕ್ಕೆ ಬರೀ 6. ಕಥೆ ದೊಡ್ಡದಾಗುತ್ತಾ ಹೋಯಿತು, ಜಾಗ ಚಿಕ್ಕದಾಗುತ್ತಾ ಬಂತು. ಎಪಿಸೋಡ್‌ಗಳು ಉದ್ದವಾದವು ನಿಜ, ಮೂರನೆಯದು 82 ನಿಮಿಷ ಇದೆ. ಆದರೆ ಉದ್ದವಾದದ್ದರಲ್ಲಿ ಜಾಸ್ತಿ ಪಾಲು ಯುದ್ಧಕ್ಕೇ ಹೋಯಿತು.

ನಮ್ಮಲ್ಲಿ ಇದು ಹಾಟ್‌ಸ್ಟಾರ್‌ನಲ್ಲಿ ಸೋಮವಾರ ಬೆಳಿಗ್ಗೆ 6:30ಕ್ಕೆ ಬರುತ್ತಿತ್ತು. ಅಮೆರಿಕದಲ್ಲಿ ಭಾನುವಾರ ರಾತ್ರಿ ಶುರುವಾಗುವ ಹೊತ್ತಿಗೇ ಇಲ್ಲೂ ಶುರು. ಬೆಂಗಳೂರಿನಲ್ಲಿ ಎಷ್ಟೋ ಜನ ಅಲಾರಾಂ ಇಟ್ಟು ಎದ್ದು, ನೋಡಿ ಮುಗಿಸಿ, ಆಮೇಲೆ ಕ್ಯಾಬ್ ಹತ್ತುತ್ತಿದ್ದರು. ನೋಡದೆ ಆಫೀಸಿಗೆ ಹೋದರೆ ಯಾರಾದರೂ ಬಾಯಿ ಬಿಟ್ಟುಬಿಡುತ್ತಾರೆ ಅನ್ನುವ ಭಯ. ಆರು ವಾರ ಹಾಗೇ ನಡೆಯಿತು. ಇಷ್ಟು ಜನ ಒಂದೇ ಹೊತ್ತಿಗೆ ಒಂದೇ ಕಥೆಗೆ ಕಾಯುವುದು ಎಷ್ಟು ಸೊಗಸು ಅಲ್ವಾ? ಆಮೇಲೆ ಬಂದ ಸಿಟ್ಟಿಗೂ ಬೇರು ಅಲ್ಲೇ ಇದೆ ಅಂತ ನನಗನ್ನಿಸುತ್ತದೆ. ಎಂಟು ವರ್ಷ ಕಾದವರ ಸಿಟ್ಟು ಅದು.

ಈಗ ದಾರಿಯ ವಿಷಯಕ್ಕೆ ಬರೋಣ. ಮೊದಲ ಸೀಸನ್ ನೆನಪಿಸಿಕೊಳ್ಳಿ. ರಾಜ ರಾಬರ್ಟ್ ತನ್ನ ಪರಿವಾರದ ಜೊತೆ ರಾಜಧಾನಿ ಕಿಂಗ್ಸ್ ಲ್ಯಾಂಡಿಂಗ್‌ನಿಂದ ಉತ್ತರದ ವಿಂಟರ್‌ಫೆಲ್ ಕೋಟೆಗೆ ಬರಲು ಒಂದು ತಿಂಗಳು ಹಿಡಿಯುತ್ತದೆ. ವಾಪಸ್ ಹೋಗುವಾಗ ಮತ್ತೆ ಅಷ್ಟೇ ದೂರ. ಆ ದಾರಿಯಲ್ಲೇ ಕಥೆ ತಿರುವು ತಗೊಳ್ಳುತ್ತದೆ. ಮಕ್ಕಳ ಜಗಳದಲ್ಲಿ ಒಂದು ತೋಳದ ಜೀವ ಹೋಗುತ್ತದೆ. ವಿಂಟರ್‌ಫೆಲ್ ಒಡೆಯ ನೆಡ್ ಸ್ಟಾರ್ಕ್‌ನ ಹೆಣ್ಣುಮಕ್ಕಳು ಸಾನ್ಸಾ ಮತ್ತು ಆರ್ಯಾ ನಡುವೆ ಬಿರುಕು ಬಿಡುತ್ತದೆ. ರಾಬರ್ಟ್ ಮತ್ತು ನೆಡ್ ರಸ್ತೆ ಬದಿಯಲ್ಲಿ ಕೂತು ತಮ್ಮ ಹರೆಯದ ಮಾತಾಡುತ್ತಾರೆ. ಅರಮನೆಯಲ್ಲಿ ಆಡಲಾಗದ ಮಾತನ್ನು ಜನ ದಾರಿಯಲ್ಲಿ ಆಡುತ್ತಾರೆ. ಆರ್ಯಾ ಮತ್ತು ಹೌಂಡ್ ಅನ್ನುವ ಒರಟು ಯೋಧ ಅಲೆದಾಡಿದ್ದನ್ನು ಯಾರು ಮರೆಯುತ್ತಾರೆ? ಅವನ ಹೆಸರನ್ನು ದಿನಾ ರಾತ್ರಿ ಕೊಲ್ಲಬೇಕಾದವರ ಪಟ್ಟಿಯಲ್ಲಿ ಹೇಳಿಕೊಂಡು ಮಲಗುವ ಹುಡುಗಿ, ಅವನ ಜೊತೆಗೇ ಊರೂರು ಸುತ್ತುತ್ತಾಳೆ. ಅವರಿಬ್ಬರ ನಡುವೆ ಏನೋ ಒಂದು ಹುಟ್ಟುತ್ತದೆ. ಅದಕ್ಕೆ ಅವರೂ ಹೆಸರಿಡುವುದಿಲ್ಲ, ಸರಣಿಯೂ ಇಡುವುದಿಲ್ಲ.

ಏಳನೇ ಸೀಸನ್ ಹೊತ್ತಿಗೆ ಈ ದೂರ ಮಾಯವಾಗಿತ್ತು. ನೆಡ್ ಮನೆಯಲ್ಲಿ ಬೆಳೆದ ಜಾನ್ ಸ್ನೋ ಮತ್ತು ಅವನ ಗುಂಪು ಉತ್ತರದ ಗಡಿಯ ಗೋಡೆಯಾಚೆ, ಸತ್ತವರ ಸೈನ್ಯದ ನಡುವೆ ಸಿಕ್ಕಿಹಾಕಿಕೊಂಡಿದೆ. ಗೆಂಡ್ರಿ ಓಡಿಹೋಗಿ ಸುದ್ದಿ ಮುಟ್ಟಿಸುತ್ತಾನೆ, ಸುದ್ದಿ ಒಯ್ಯುವ ಕಾಗೆ ದೂರದ ಡ್ರ್ಯಾಗನ್‌ಸ್ಟೋನ್ ಕೋಟೆಗೆ ಹಾರುತ್ತದೆ, ಡೆನೇರಿಸ್ ಅಲ್ಲಿಂದ ಡ್ರ್ಯಾಗನ್ ಹತ್ತಿ ಹಾರಿ ಬರುತ್ತಾಳೆ. ಮಂಜಿನ ಮೇಲೆ ನಿಂತವರು ಅಲ್ಲೇ ನಿಂತಿರುತ್ತಾರೆ. ಆಗಲೇ ನಮಗೆ ಗೊತ್ತಾಗಬೇಕಿತ್ತು, ಇವರಿಗೆ ಅರ್ಜೆಂಟ್ ಶುರುವಾಗಿದೆ ಅಂತ.

ಬ್ರಿಯೆನ್ ಮೊದಲ ಸಲ ಬರುವುದು ಎರಡನೇ ಸೀಸನ್‌ನ ಮೂರನೇ ಎಪಿಸೋಡ್‌ನಲ್ಲಿ. ಒಂದು ಕಾಳಗದ ಪಂದ್ಯ. ಗೆದ್ದ ಯೋಧ ಶಿರಸ್ತ್ರಾಣ ತೆಗೆದರೆ ಹೆಂಗಸು. ಎತ್ತರದ ಆಳು, ಕಮ್ಮಿ ಮಾತು, ಕೊಟ್ಟ ಮಾತಿಗೆ ತಪ್ಪದವಳು. ಜೇಮಿಯೋ, ಮೊದಲ ಎಪಿಸೋಡ್‌ನಲ್ಲೇ ಪುಟ್ಟ ಹುಡುಗ ಬ್ರ್ಯಾನ್‌ನನ್ನು ಕಿಟಕಿಯಿಂದ ಕೆಳಕ್ಕೆ ತಳ್ಳಿದವನು. ತಾನು ಕಾಯಬೇಕಿದ್ದ ರಾಜನನ್ನು ತಾನೇ ಬೆನ್ನಿಗೆ ಇರಿದು ಕೊಂದವನು. ಊರೆಲ್ಲ ಅವನನ್ನು ರಾಜಘಾತುಕ ಅಂತ ಕರೆಯುತ್ತದೆ. ನೆಡ್‌ನ ಹೆಂಡತಿ ಕ್ಯಾಟ್ಲಿನ್ ಸ್ಟಾರ್ಕ್ ತನ್ನ ಹೆಣ್ಣುಮಕ್ಕಳನ್ನು ಬಿಡಿಸಿಕೊಳ್ಳಲು ಈ ಕೈದಿಯನ್ನು ಬ್ರಿಯೆನ್ ಕೈಗೆ ಒಪ್ಪಿಸಿ ಕಳಿಸುತ್ತಾಳೆ. ಅಲ್ಲಿಂದ ಇಬ್ಬರ ನಡಿಗೆ ಶುರು. ಹೆಚ್ಚುಕಮ್ಮಿ ಇಡೀ ಮೂರನೇ ಸೀಸನ್ ಅವರು ದಾರಿಯಲ್ಲೇ ಇರುತ್ತಾರೆ.

ಈ ದಾರಿಯಲ್ಲಿ ಜೇಮಿ ತನ್ನ ಬಲಗೈ ಕಳೆದುಕೊಳ್ಳುತ್ತಾನೆ. ಯಾಕೆ ಕಳೆದುಕೊಂಡ? ಹಿಡಿದವರು ಬ್ರಿಯೆನ್ ಮೇಲೆ ಬೀಳಲು ಹೋದಾಗ, ಅವಳ ಅಪ್ಪನ ದ್ವೀಪದ ತುಂಬ ನೀಲಮಣಿ ಇದೆ, ಅವಳನ್ನು ಹಾಗೇ ವಾಪಸ್ ಕೊಟ್ಟರೆ ರಾಶಿ ದುಡ್ಡು ಸಿಗುತ್ತದೆ ಅಂತ ಸುಳ್ಳು ಹೇಳಿ ಅವಳನ್ನು ಕಾಪಾಡುತ್ತಾನೆ. ಅದರ ಬೆನ್ನಿಗೇ ಅವನ ಕೈ ಹೋಗುತ್ತದೆ. ಕತ್ತಿ ಹಿಡಿಯುವ ಕೈ. ಅವನ ಹೆಮ್ಮೆಯೆಲ್ಲ ಇದ್ದದ್ದು ಆ ಕೈಯಲ್ಲಿ.

ಆಮೇಲೆ ಬರುತ್ತದೆ ಮೂರನೇ ಸೀಸನ್‌ನ ಐದನೇ ಎಪಿಸೋಡ್. ಹ್ಯಾರನ್‌ಹಾಲ್ ಕೋಟೆಯ ಸ್ನಾನದ ಕೊಳ. ಬಿಸಿನೀರಿನ ಹಬೆ. ಕೊಳೆತ ಗಾಯ, ಜ್ವರ, ನಿತ್ರಾಣ. ಅಷ್ಟು ದಿನ ಯಾರಿಗೂ ಹೇಳದ್ದನ್ನು ಜೇಮಿ ಅಲ್ಲಿ ಬ್ರಿಯೆನ್‌ಗೆ ಹೇಳುತ್ತಾನೆ. ಹುಚ್ಚುರಾಜ ಏರಿಸ್ ಊರಿನ ಅಡಿಯಲ್ಲೆಲ್ಲ ವೈಲ್ಡ್‌ಫೈರ್ ಅನ್ನುವ ಹಸಿರು ಬೆಂಕಿಯ ದ್ರವ ಇಡಿಸಿದ್ದ. ಮನೆ, ಗುಡಿ, ಬೀದಿ ಎಲ್ಲದರ ಕೆಳಗೂ. ಶತ್ರು ಬಾಗಿಲಿಗೆ ಬಂದಾಗ ಎಲ್ಲರನ್ನೂ ಸುಡಿ ಅಂತ ಹೇಳುತ್ತಲೇ ಇದ್ದ. ಜೇಮಿಗೆ ಅವನ ಅಪ್ಪನ ತಲೆ ತಾ ಅಂತ ಅಪ್ಪಣೆ ಮಾಡಿದ. ಜೇಮಿ ಮೊದಲು ಆ ಬೆಂಕಿ ಹಚ್ಚಬೇಕಿದ್ದವನನ್ನು ಕೊಂದ, ಆಮೇಲೆ ರಾಜನನ್ನು. ಒಂದು ಊರಿಗೆ ಊರೇ ಉಳಿಯಿತು. ಯಾರೂ ಅವನನ್ನು ಯಾಕೆ ಅಂತ ಕೇಳಲಿಲ್ಲ. ಹೇಳುತ್ತಾ ಹೇಳುತ್ತಾ ಅವನು ಎಚ್ಚರ ತಪ್ಪಿ ಬೀಳುತ್ತಾನೆ. ಬ್ರಿಯೆನ್ ಅವನನ್ನು ಹಿಡಿದುಕೊಂಡು, ರಾಜಘಾತುಕನಿಗೆ ಏನೋ ಆಗಿದೆ, ಯಾರಾದರೂ ಬನ್ನಿ ಅಂತ ಕೂಗುತ್ತಾಳೆ. ಅವನು ಕಣ್ಣು ಮುಚ್ಚಿಕೊಂಡೇ ಹೇಳುತ್ತಾನೆ: "ಜೇಮಿ. ನನ್ನ ಹೆಸರು ಜೇಮಿ."

ನನ್ನ ಮಟ್ಟಿಗೆ ಇಡೀ ಸರಣಿಯ ಅತ್ಯಂತ ಒಳ್ಳೆಯ ದೃಶ್ಯ ಇದು. ಯುದ್ಧ ಇಲ್ಲ, ಡ್ರ್ಯಾಗನ್ ಇಲ್ಲ. ಇಬ್ಬರು, ಒಂದು ಕೊಳ, ಮಾತು. ಆದರೆ ಆ ಮಾತು ನಮಗೆ ತಟ್ಟಬೇಕಾದರೆ ಅದರ ಹಿಂದೆ ಅಷ್ಟೂ ಎಪಿಸೋಡ್‌ಗಳ ನಡಿಗೆ ಬೇಕಿತ್ತು. ಹುಡುಗನನ್ನು ಕಿಟಕಿಯಿಂದ ತಳ್ಳಿದವನ ಮೇಲೆ ಪ್ರೀತಿ ಹುಟ್ಟಿಸುವುದು ಸುಮ್ನೆ ಮಾತಾ?

ನಾಲ್ಕನೇ ಸೀಸನ್‌ನಲ್ಲಿ ಇದಕ್ಕೆ ಇನ್ನೊಂದು ಎಳೆ ಸೇರುತ್ತದೆ. ರಾಜನ ಕಾವಲು ಪಡೆಯವರ ಸಾಹಸಗಳನ್ನೆಲ್ಲ ಬರೆದಿಡುವ ಒಂದು ದೊಡ್ಡ ಪುಸ್ತಕ ಇದೆ. ಅದರಲ್ಲಿ ಜೇಮಿಯ ಪುಟ ಹೆಚ್ಚುಕಮ್ಮಿ ಖಾಲಿ. ಬಾಲರಾಜ ಜಾಫ್ರಿ ಅದನ್ನು ಓದಿ ಹಂಗಿಸುತ್ತಾನೆ. ಅದೇ ಸೀಸನ್‌ನ ನಾಲ್ಕನೇ ಎಪಿಸೋಡ್‌ನಲ್ಲಿ ಬ್ರಿಯೆನ್ ಆ ಪುಟ ತೆರೆದು ನೋಡುತ್ತಾಳೆ. ನನ್ನ ಪುಟದಲ್ಲಿ ಇನ್ನೂ ಜಾಗ ಇದೆ ಅನ್ನುತ್ತಾನೆ ಜೇಮಿ. ಆಮೇಲೆ ಅವಳಿಗೆ ಒಂದು ಕತ್ತಿ ಕೊಡುತ್ತಾನೆ. ನೆಡ್ ಸ್ಟಾರ್ಕ್‌ನ ದೊಡ್ಡ ಕತ್ತಿಯನ್ನು ಕರಗಿಸಿ ಮಾಡಿದ ಎರಡು ಕತ್ತಿಗಳಲ್ಲಿ ಒಂದು. ಅದೇ ನೆಡ್‌ನ ಮಗಳನ್ನು ಕಾಯುವುದಕ್ಕೆ ಅದನ್ನು ಬಳಸು ಅನ್ನುತ್ತಾನೆ. ಅವಳು ಅದಕ್ಕೆ ಓತ್‌ಕೀಪರ್, ಅಂದರೆ ಕೊಟ್ಟ ಮಾತು ಕಾಯುವುದು ಅಂತ ಹೆಸರಿಡುತ್ತಾಳೆ.

ಇಲ್ಲಿ ಒಂದು ವಿಷಯ ಹೇಳಲೇಬೇಕು. ಬ್ರಿಯೆನ್ ಮೊದಲು ಬಂದ ಎಪಿಸೋಡ್, ಸ್ನಾನದ ಕೊಳದ ಎಪಿಸೋಡ್, ಕತ್ತಿ ಕೊಟ್ಟ ಎಪಿಸೋಡ್, ಈ ಮೂರನ್ನೂ ಬರೆದವರು ಒಬ್ಬರೇ. ಬ್ರಯನ್ ಕಾಗ್‌ಮನ್. ಎಂಟನೇ ಸೀಸನ್‌ನಲ್ಲಿ ಅವರ ಪಾಲಿಗೆ ಬಂದದ್ದು ಒಂದೇ ಎಪಿಸೋಡ್, ಎರಡನೆಯದು. ಇಡೀ ಸೀಸನ್‌ನಲ್ಲಿ ನಾನು ಎದೆಗೆ ಒತ್ತಿಕೊಂಡು ಕಾಪಾಡುವ ಎಪಿಸೋಡ್ ಅದೇ.

ಅದರಲ್ಲಿ ಒಂದೇ ಒಂದು ಯುದ್ಧ ಇಲ್ಲ. ಸತ್ತವರ ಸೈನ್ಯ ವಿಂಟರ್‌ಫೆಲ್‌ಗೆ ಬರುತ್ತಿದೆ. ಬೆಳಗಾಗುವುದರೊಳಗೆ ಎಲ್ಲರೂ ಸಾಯಬಹುದು. ಆ ರಾತ್ರಿ ಜನ ಏನು ಮಾಡುತ್ತಾರೆ, ಅಷ್ಟೇ ಕಥೆ. ಒಲೆಯ ಮುಂದೆ ಜೇಮಿಯ ತಮ್ಮ ಟಿರಿಯನ್, ಜೇಮಿ, ಬ್ರಿಯೆನ್, ಅವಳ ಸಹಾಯಕ ಪಾಡ್ರಿಕ್, ಡಾವೋಸ್ ಕೂತಿದ್ದಾರೆ. ಗೋಡೆಯಾಚೆಯ ಕಾಡುಜನರ ನಾಯಕ ಟಾರ್ಮಂಡ್ ಕೊಂಬಿನಲ್ಲಿ ಕುಡಿಯುತ್ತಾ, ತಾನು ದೈತ್ಯಳ ಹಾಲು ಕುಡಿದು ಬೆಳೆದ ಕಥೆ ಹೇಳುತ್ತಾನೆ. ಮಾತಿನ ನಡುವೆ ಟಿರಿಯನ್ ಬಾಯಿತಪ್ಪಿ ಬ್ರಿಯೆನ್‌ಳನ್ನು ನೈಟ್, ಅಂದರೆ ಪ್ರಮಾಣ ಮಾಡಿ ಪದವಿ ಪಡೆದ ಯೋಧ ಅಂತ ಕರೆದು, ಆಮೇಲೆ ತಿದ್ದಿಕೊಳ್ಳುತ್ತಾನೆ. ನೀನು ನೈಟ್ ಅಲ್ವಾ ಅಂತ ಟಾರ್ಮಂಡ್ ಆಶ್ಚರ್ಯದಿಂದ ಕೇಳುತ್ತಾನೆ. ಹೆಂಗಸರು ನೈಟ್ ಆಗುವ ಹಾಗಿಲ್ಲ ಅನ್ನುತ್ತಾಳೆ. ಯಾಕೆ? ಸಂಪ್ರದಾಯ. ಟಾರ್ಮಂಡ್ ಆ ಸಂಪ್ರದಾಯವನ್ನು ಬೈದು, ನಾನು ರಾಜನಾಗಿದ್ದರೆ ನಿನ್ನನ್ನು ಹತ್ತು ಸಲ ನೈಟ್ ಮಾಡುತ್ತಿದ್ದೆ ಅನ್ನುತ್ತಾನೆ. ನನಗೇನೂ ನೈಟ್ ಆಗುವ ಆಸೆ ಇಲ್ಲ ಅನ್ನುತ್ತಾಳೆ ಬ್ರಿಯೆನ್. ಆಗ ಪಾಡ್ರಿಕ್ ಅವಳ ಕಡೆ ನೋಡುವ ನೋಟ ಗಮನಿಸಿ. ಅವನಿಗೆ ಗೊತ್ತು, ಅವಳು ಸುಳ್ಳು ಹೇಳುತ್ತಿದ್ದಾಳೆ ಅಂತ.

ಜೇಮಿ ಎದ್ದು ನಿಲ್ಲುತ್ತಾನೆ. ಇದಕ್ಕೆ ರಾಜ ಬೇಡ, ಯಾವ ನೈಟ್ ಆದರೂ ಇನ್ನೊಬ್ಬರನ್ನು ನೈಟ್ ಮಾಡಬಹುದು, ಬಾ, ಮಂಡಿಯೂರು ಅನ್ನುತ್ತಾನೆ. ಅವಳು ತಮಾಷೆ ಅಂದುಕೊಂಡು ನಗುತ್ತಾಳೆ. ಅವನು ನಗುವುದಿಲ್ಲ. ಅವಳ ನಗು ಇಳಿಯುತ್ತದೆ. ಪಾಡ್ರಿಕ್ ತಲೆಯಾಡಿಸುತ್ತಾನೆ. ಅವಳು ಎದ್ದು ಬಂದು ಮಂಡಿಯೂರುತ್ತಾಳೆ. ಜೇಮಿ ಅವಳ ಹೆಗಲಿಗೆ ಕತ್ತಿ ಮುಟ್ಟಿಸುತ್ತಾನೆ. ಯೋಧ ದೇವರ ಹೆಸರಿನಲ್ಲಿ ಧೈರ್ಯದಿಂದ ಇರು. ತಂದೆಯ ಹೆಸರಿನಲ್ಲಿ ನ್ಯಾಯವಾಗಿ ನಡೆ. ತಾಯಿಯ ಹೆಸರಿನಲ್ಲಿ ಏನೂ ತಪ್ಪು ಮಾಡದ ಜನರನ್ನು ಕಾಪಾಡು. ಏಳು, ಬ್ರಿಯೆನ್, ಏಳು ರಾಜ್ಯಗಳ ನೈಟ್.

ಬ್ರಿಯೆನ್ ಪಾತ್ರದ ಗ್ವೆಂಡಲಿನ್ ಕ್ರಿಸ್ಟಿ ಮುಖದಲ್ಲಿ ಆಗ ಬರುವ ನಗು ಇದೆಯಲ್ಲ, ಅದನ್ನು ಮಾತಿನಲ್ಲಿ ಹೇಳುವುದು ಕಷ್ಟ. ಅಷ್ಟು ಸೀಸನ್ ಬಿಗಿಹಿಡಿದಿದ್ದ ಮುಖ ಅದು. ಈ ಸೀಸನ್‌ಗೆ ಅಮೆರಿಕದ ಟಿವಿಯ ದೊಡ್ಡ ಪ್ರಶಸ್ತಿಯಾದ ಎಮ್ಮಿಗೆ ಅವರ ಹೆಸರನ್ನು ಚಾನೆಲ್ ಕಳಿಸಿರಲಿಲ್ಲ. ಅವರೇ ಕಳಿಸಿಕೊಂಡರು, ನಾಮನಿರ್ದೇಶನವೂ ಸಿಕ್ಕಿತು. ನನಗೆ ಅದು ತುಂಬಾ ಇಷ್ಟವಾದ ಸಂಗತಿ. ತನ್ನ ಕೆಲಸದ ಬೆಲೆ ಅವರಿಗೆ ಗೊತ್ತಿತ್ತು.

ಈಗ ನೋವಿನ ಭಾಗ. ಆ ಎಪಿಸೋಡ್ ಆದ ಮೂರೇ ವಾರಕ್ಕೆ ಐದನೇ ಎಪಿಸೋಡ್ ಬಂತು. ಜೇಮಿ ಬ್ರಿಯೆನ್‌ಳನ್ನು ಬಿಟ್ಟು ಸೆರ್ಸಿ ಕಡೆ ಹೊರಟು, ದಾರಿಯಲ್ಲಿ ಡೆನೇರಿಸ್ ಸೈನ್ಯದ ಕೈಗೆ ಸಿಕ್ಕಿಬಿದ್ದಿದ್ದಾನೆ. ಟಿರಿಯನ್ ಅವನನ್ನು ಬಿಡಿಸಲು ಬರುತ್ತಾನೆ. ಊರಲ್ಲಿ ಏನೂ ತಪ್ಪು ಮಾಡದ ಸಾವಿರಾರು ಜನ ಇದ್ದಾರೆ, ಅವರನ್ನಾದರೂ ಉಳಿಸು ಅನ್ನುತ್ತಾನೆ. ಅದಕ್ಕೆ ಜೇಮಿ ಏನು ಹೇಳುತ್ತಾನೆ ಗೊತ್ತಾ? ನಿಜ ಹೇಳಬೇಕೆಂದರೆ ಅವರ ಬಗ್ಗೆ ನಾನು ಯಾವತ್ತೂ ತಲೆ ಕೆಡಿಸಿಕೊಂಡವನಲ್ಲ, ತಪ್ಪು ಮಾಡಿರಲಿ ಬಿಡಲಿ.

ಯಾವ ಊರು? ಅದೇ ಕಿಂಗ್ಸ್ ಲ್ಯಾಂಡಿಂಗ್. ಯಾವ ಜನ? ತಾನು ರಾಜನನ್ನು ಕೊಂದು ಉಳಿಸಿದ ಅದೇ ಜನ. ಅವರಿಗೋಸ್ಕರ ತಾನೇ ಜೀವನವಿಡೀ ಆ ಕೆಟ್ಟ ಹೆಸರು ಹೊತ್ತದ್ದು? ಮೂರು ವಾರದ ಹಿಂದೆ ತಾಯಿಯ ಹೆಸರಿನಲ್ಲಿ ಅಂತ ಬ್ರಿಯೆನ್‌ಗೆ ಹೇಳಿಕೊಟ್ಟ ವಚನ ಎಲ್ಲಿ ಹೋಯಿತು?

ನನ್ನ ಮಾತನ್ನು ಸರಿಯಾಗಿ ಕೇಳಿ. ಜೇಮಿ ಸೆರ್ಸಿ ಹತ್ತಿರ ವಾಪಸ್ ಹೋದದ್ದು ನನಗೆ ನಂಬಿಕೆಯಾಗುತ್ತದೆ. ಕೆಟ್ಟದ್ದು ಅಂತ ಗೊತ್ತಿದ್ದೂ ಬಿಟ್ಟು ಬರಲಾಗದ ಸಂಬಂಧಗಳು ಇರುತ್ತವೆ. ನಾಲ್ಕನೇ ಎಪಿಸೋಡ್‌ನಲ್ಲಿ ವಿಂಟರ್‌ಫೆಲ್ ಅಂಗಳದಲ್ಲಿ ಬ್ರಿಯೆನ್ ಅಳುತ್ತಾ ಹೋಗಬೇಡ ಅನ್ನುತ್ತಾಳೆ. ತಾನು ಸೆರ್ಸಿಗಾಗಿ ಮಾಡಿದ ಪಾಪಗಳನ್ನೆಲ್ಲ ಎಣಿಸಿ, ಅವಳೂ ಹೇಯ, ನಾನೂ ಹೇಯ ಅಂತ ಹೇಳಿ ಅವನು ಕುದುರೆ ಹತ್ತುತ್ತಾನೆ. ಇದು ಸರಿ. ತನ್ನನ್ನು ತಾನು ಕ್ಷಮಿಸಿಕೊಳ್ಳಲಾಗದ ಮನುಷ್ಯ ಹೀಗೆ ಮಾತಾಡುತ್ತಾನೆ. ಆದರೆ ಜನರ ಬಗ್ಗೆ ತಲೆ ಕೆಡಿಸಿಕೊಂಡವನೇ ಅಲ್ಲ ಅನ್ನುವ ಆ ಒಂದು ಸಾಲು ಸ್ನಾನದ ಕೊಳವನ್ನು ಒರೆಸಿಹಾಕುತ್ತದೆ. ಅವನು ಸುಳ್ಳು ಹೇಳುತ್ತಿದ್ದಾನೆ ಅಂತ ತಿಳಿಯಲು ನಮಗೆ ಒಂದು ನೋಟ ಸಾಕಿತ್ತು. ಪಾಡ್ರಿಕ್ ಒಮ್ಮೆ ನೋಡಿದ್ದಕ್ಕೇ ಬ್ರಿಯೆನ್ ಸುಳ್ಳು ನಮಗೆ ಗೊತ್ತಾಯಿತಲ್ಲ, ಹಾಗೆ. ಇಲ್ಲಿ ಅಂಥದ್ದು ಏನೂ ಇಲ್ಲ. ಸಾಲು ಬರುತ್ತದೆ, ದೃಶ್ಯ ಮುಂದೆ ಹೋಗುತ್ತದೆ.

ಡೆನೇರಿಸ್ ವಿಷಯದಲ್ಲಿ ನಡೆದದ್ದೂ ಇದೇ. ಅವಳು ಕ್ರೂರಿ ಆಗಬಲ್ಲಳು ಅನ್ನುವುದಕ್ಕೆ ಮೊದಲಿಂದಲೂ ಸುಳಿವು ಇತ್ತು. ಅಣ್ಣನ ತಲೆಗೆ ಕುದಿಯುವ ಚಿನ್ನ ಸುರಿಯುವಾಗ ಅವಳ ಮುಖದಲ್ಲಿ ಏನೂ ಕದಲಲಿಲ್ಲ. ಮೀರೀನ್ ನಗರದಲ್ಲಿ ಗುಲಾಮರ 163 ಮಾಲೀಕರನ್ನು ಕಂಬಕ್ಕೆ ಜಡಿಸಿದಳು. ಏಳನೇ ಸೀಸನ್‌ನಲ್ಲಿ ಜಾನ್‌ನ ಗೆಳೆಯ ಸ್ಯಾಮ್‌ನ ಅಪ್ಪ ಮತ್ತು ತಮ್ಮನನ್ನು ಜೀವಂತ ಸುಟ್ಟಳು. ನಾವೇ ಆಗ ಅವಳಿಗೆ ಚಪ್ಪಾಳೆ ಹೊಡೆದೆವು, ಯಾಕೆಂದರೆ ಸತ್ತವರು ಕೆಟ್ಟವರು ಅಂತ ನಮಗೆ ಅನ್ನಿಸಿತ್ತು. ಇದು ತುಂಬಾ ದೊಡ್ಡ ಕಥೆ. ನ್ಯಾಯದ ಹೆಸರಿನಲ್ಲಿ ಸುಡುವವಳಿಗೆ ಒಂದು ದಿನ ಎಲ್ಲರೂ ಸುಡತಕ್ಕವರಾಗಿಯೇ ಕಾಣುತ್ತಾರೆ. ಮಾಡಬೇಕಾದ ಕಥೆಯೇ ಅದು.

ಆದರೆ ಅದಕ್ಕೆ ಕೊಟ್ಟ ಜಾಗ ಎಷ್ಟು? ಮೂರನೇ ಎಪಿಸೋಡ್‌ನಲ್ಲಿ ಅವಳ ನಂಬಿಕೆಯ ಯೋಧ ಜೋರಾ ಸಾಯುತ್ತಾನೆ. ನಾಲ್ಕನೆಯದರಲ್ಲಿ ಸೆರ್ಸಿ ಕಡೆಯ ಹಡಗುಪಡೆಯ ಒಡೆಯ ಯೂರಾನ್ ಅವಳ ಡ್ರ್ಯಾಗನ್ ರೇಗಲ್‌ನನ್ನು ಹೊಡೆದು ಉರುಳಿಸುತ್ತಾನೆ, ಅದೇ ಎಪಿಸೋಡ್‌ನಲ್ಲಿ ಅವಳ ಆಪ್ತ ಗೆಳತಿ ಮಿಸ್ಸಾಂಡೆಯ ತಲೆ ಹೋಗುತ್ತದೆ. ಐದನೆಯದರ ಆರಂಭದಲ್ಲೇ ಅವಳ ಸಲಹೆಗಾರ ವೇರಿಸ್ ದ್ರೋಹ. ಅದೇ ಎಪಿಸೋಡ್‌ನಲ್ಲಿ ಗಂಟೆ ಬಾರಿಸಿ ಊರು ಶರಣಾಗುತ್ತದೆ, ಅವಳು ಸುಡುತ್ತಾಳೆ. ಒಂದೊಂದು ಸಾವಿಗೂ ಹಿಂದೆ ಅರ್ಧ ಸೀಸನ್ ದುಃಖ ಇರುತ್ತಿತ್ತು. ನೆಡ್ ಸತ್ತಾಗ, ಮದುವೆಮನೆಯಲ್ಲೇ ಸ್ಟಾರ್ಕ್‌ಗಳನ್ನು ಕೊಂದ ರೆಡ್ ವೆಡ್ಡಿಂಗ್ ಆದಾಗ, ಉಳಿದವರು ಅದನ್ನು ಹೊತ್ತುಕೊಂಡು ತಿರುಗಿದ್ದನ್ನು ನಾವು ನೋಡಿದೆವು. ಡೆನೇರಿಸ್‌ಗೆ ಅಳಲೂ ಹೊತ್ತು ಸಿಗಲಿಲ್ಲ. ನಾಲ್ಕನೇ ಎಪಿಸೋಡ್ ಬಂದ ಮೇಲೆ, ಯೂರಾನ್‌ನ ಹಡಗುಪಡೆಯ ವಿಷಯ ಅವಳಿಗೆ ಮರೆತಂತಾಗಿತ್ತು ಅನ್ನುವ ಅರ್ಥದಲ್ಲಿ ಬೆನಿಯೋಫ್ ವಿವರಣೆ ಕೊಟ್ಟರು. ಅದನ್ನು ಕೇಳಿ ನನಗೆ ತುಂಬಾ ಬೇಸರವಾಯಿತು. ಮೂರು ಡ್ರ್ಯಾಗನ್‌ಗಳನ್ನು ಮಕ್ಕಳ ಹಾಗೆ ಸಾಕಿದವಳು ಅವಳು.

ಆದರೂ ಐದನೇ ಎಪಿಸೋಡ್‌ನ ಕೆಲಸಗಾರಿಕೆಗೆ ನಾನು ತಲೆಬಾಗುತ್ತೇನೆ. ನಿರ್ದೇಶಕ ಮಿಗೆಲ್ ಸಪೋಚ್ನಿಕ್. ಊರನ್ನು ನಾಶ ಮಾಡಬೇಕಾದ ಕಾರಣ ಬೆಲ್‌ಫಾಸ್ಟ್‌ನಲ್ಲಿ ಕಿಂಗ್ಸ್ ಲ್ಯಾಂಡಿಂಗ್‌ನ ಬೀದಿಗಳ ಸೆಟ್ ಹಾಕಿದ್ದರು. ಅದಕ್ಕೂ ಮುಂಚೆ, ಎರಡನೇ ಸೀಸನ್‌ನಿಂದ, ಚಿತ್ರೀಕರಣದಲ್ಲಿ ಆ ಊರು ಅಂದರೆ ಹೆಚ್ಚಾಗಿ ಕ್ರೊಯೇಷಿಯಾದ ಡುಬ್ರೊವ್ನಿಕ್. ಸುಡಲು ನಿರ್ಧಾರ ಮಾಡಿದ ಕ್ಷಣ ಡೆನೇರಿಸ್ ಪಾತ್ರದ ಎಮಿಲಿಯಾ ಕ್ಲಾರ್ಕ್ ಮುಖ ಹತ್ತಿರದಿಂದ ಕಾಣುತ್ತದೆ. ಆಮೇಲೆ ಆ ಎಪಿಸೋಡ್ ಮುಗಿಯುವವರೆಗೂ ಅವಳ ಮುಖ ಕಾಣುವುದೇ ಇಲ್ಲ. ಕ್ಯಾಮೆರಾ ಆರ್ಯಾ ಜೊತೆ ಕೆಳಗೆ ಬೀದಿಯಲ್ಲಿ ಉಳಿಯುತ್ತದೆ. ಬೂದಿ, ಓಟ, ತಾಯಿ ಮಗಳು ಕೈಹಿಡಿದು ನಿಂತದ್ದು. ಯುದ್ಧವನ್ನು ಸೈನಿಕನ ಕಣ್ಣಿನಿಂದ ತೋರಿಸುವವರು ತುಂಬಾ ಜನ. ಕೆಳಗೆ ಸಿಕ್ಕಿದ ಜನರ ಕಣ್ಣಿನಿಂದ ಇಷ್ಟು ಹೊತ್ತು ತೋರಿಸಿದ್ದು ಅಪರೂಪ. ಆದರೆ ಅವಳ ಮನಸ್ಸಿನೊಳಗೆ ನಾವು ಇರಬೇಕಾದ ಹೊತ್ತಿನಲ್ಲೇ ಬಾಗಿಲು ಹಾಕಿಕೊಂಡ ಹಾಗೂ ಆಯಿತು. ಎರಡೂ ನಿಜ.

ಮೂರನೇ ಎಪಿಸೋಡ್ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಉತ್ತರ ಐರ್ಲೆಂಡ್‌ನಲ್ಲಿ 55 ರಾತ್ರಿ ಚಳಿಯಲ್ಲಿ ಚಿತ್ರೀಕರಣ ಮಾಡಿದ ಯುದ್ಧ ಅದು. ಕತ್ತಲೆ ಜಾಸ್ತಿಯಾಯಿತು ಅಂತ ಲೋಕವೆಲ್ಲ ದೂರಿತು. ನಮ್ಮಲ್ಲಂತೂ ಬೆಳಿಗ್ಗೆ ಏಳು ಗಂಟೆಯ ಬಿಸಿಲಿಗೆ ಪರದೆಯ ಮೇಲೆ ಏನೂ ಕಾಣುತ್ತಿರಲಿಲ್ಲ. ಆರ್ಯಾ ಸತ್ತವರ ಸೈನ್ಯದ ದೊರೆ ನೈಟ್ ಕಿಂಗ್‌ನನ್ನು ಬಾಕುವಿನಿಂದ ಕೊಂದದ್ದು ಎಲ್ಲಿಂದಲೋ ಉದುರಿದ ಹಾಗಿತ್ತು ಅನ್ನುವವರ ಮಾತು ನಾನು ಒಪ್ಪುವುದಿಲ್ಲ. ಆ ಬಾಕು ಮೊದಲ ಸೀಸನ್‌ನಲ್ಲಿ ಬ್ರ್ಯಾನ್‌ನನ್ನು ಕೊಲ್ಲಲು ಬಂದವನ ಕೈಯಲ್ಲಿತ್ತು. ಏಳನೇ ಸೀಸನ್‌ನಲ್ಲಿ ಬ್ರ್ಯಾನ್ ಅದನ್ನು ಆರ್ಯಾಗೆ ಕೊಟ್ಟ. ಒಂದು ಕೈಯಿಂದ ಬಿಟ್ಟು ಇನ್ನೊಂದು ಕೈಯಲ್ಲಿ ಹಿಡಿಯುವ ಪಟ್ಟು ಇದೆಯಲ್ಲ, ಅದನ್ನು ಅವಳು ಬ್ರಿಯೆನ್ ಜೊತೆ ಅಭ್ಯಾಸ ಮಾಡುವಾಗ ನಮಗೆ ತೋರಿಸಿದ್ದರು. ಕೊನೆಯಲ್ಲಿ ಎಲ್ಲ ಸದ್ದು ಅಡಗಿ ಸಂಗೀತ ಮಾಡಿದ ರಮಿನ್ ಜವಾದಿ ಅವರ ಪಿಯಾನೊ ಶುರುವಾಗುತ್ತದೆ. ಅದನ್ನು ನಾನು ಈಗಲೂ ಕೇಳುತ್ತಿರುತ್ತೇನೆ.

ಬ್ರ್ಯಾನ್ ರಾಜನಾದದ್ದಕ್ಕೆ ಟಿರಿಯನ್ ಕೊಟ್ಟ ಕಾರಣ, ಅವನಷ್ಟು ಒಳ್ಳೆಯ ಕಥೆ ಯಾರಿಗಿದೆ ಅನ್ನುವುದು. ಐದನೇ ಸೀಸನ್‌ನಲ್ಲಿ ಬ್ರ್ಯಾನ್ ಒಂದು ಎಪಿಸೋಡ್‌ನಲ್ಲೂ ಇಲ್ಲ. ಇಷ್ಟೇ ಹೇಳಿ ಮುಂದೆ ಹೋಗುತ್ತೇನೆ. ಇನ್ನು ಹಬ್ಬದ ಊಟದ ದೃಶ್ಯದಲ್ಲಿ ಮೇಜಿನ ಮೇಲೆ ಮರೆತುಹೋದ ಕಾಫಿ ಲೋಟ. ಅದನ್ನು ಆಮೇಲೆ ಅಳಿಸಿದರು. ಅಷ್ಟು ದೊಡ್ಡ ಕೆಲಸದಲ್ಲಿ ಅದೊಂದು ಲೆಕ್ಕಕ್ಕೇ ಬಾರದ್ದು.

ಯಾಕೆ ಹೀಗೆ ಅವಸರ ಮಾಡಿದರು? ದುಡ್ಡಿಲ್ಲದೆ ಅಲ್ಲ. ಎಚ್‌ಬಿಒ ಇನ್ನೂ ಜಾಸ್ತಿ ಎಪಿಸೋಡ್‌ಗಳಿಗೆ ತಯಾರಿತ್ತು. ಸುಮಾರು 70 ಗಂಟೆಯಲ್ಲಿ ಕಥೆ ಮುಗಿಸುವುದು ಅನ್ನುವುದು ಬೆನಿಯೋಫ್ ಮತ್ತು ವೈಸ್ ಅವರ ತೀರ್ಮಾನ. ಪುಸ್ತಕಗಳ ವಿಷಯವೂ ಇದೆ. ಮಾರ್ಟಿನ್ ಅವರ ಐದನೇ ಪುಸ್ತಕ ಬಂದದ್ದು 2011ರ ಜುಲೈನಲ್ಲಿ, ಮೊದಲ ಸೀಸನ್ ಮುಗಿದ ಬೆನ್ನಿಗೇ. ಸರಣಿ ಮುಗಿಯುವ ಹೊತ್ತಿಗೂ ಆರನೆಯದು ಬರಲಿಲ್ಲ. ಕೊನೆಗೆ ಏನಾಗಬೇಕು ಅನ್ನುವ ಮುಖ್ಯ ಸಂಗತಿಗಳು ಬೆನಿಯೋಫ್ ಮತ್ತು ವೈಸ್ ಕೈಯಲ್ಲಿದ್ದವು. ಸ್ನಾನದ ಕೊಳದಂಥ ದೃಶ್ಯಗಳು ಬರುವುದು ಪುಟ ಪುಟ ಬರೆದಾಗ, ನಡುವಿನ ದಾರಿಯಲ್ಲಿ. ಮೂರನೆಯದರಿಂದ ಆರನೆಯದರವರೆಗೆ ಕೊನೆಯ ನಾಲ್ಕೂ ಎಪಿಸೋಡ್‌ಗಳನ್ನು ಅವರಿಬ್ಬರೇ ಬರೆದರು. ಕಾಗ್‌ಮನ್‌ಗೆ ಇನ್ನೆರಡು ಎಪಿಸೋಡ್ ಕೊಟ್ಟಿದ್ದರೆ ಅಂತ ನನಗೆ ಆಗಾಗ ಅನ್ನಿಸುತ್ತದೆ.

ಕಥೆಯ ಕೊನೆ ಗೊತ್ತಿದ್ದರೂ ರಾತ್ರಿಯಿಡೀ ಕೂತು ನೋಡುವ ಜನ ನಾವು. ಕರ್ಣ ಸಾಯುತ್ತಾನೆ ಅಂತ ಗೊತ್ತಿಲ್ಲದೆ ಯಾರೂ ಯಕ್ಷಗಾನಕ್ಕೆ ಹೋಗುವುದಿಲ್ಲ. ಸಾಯುವ ಮುಂಚೆ ಅವನು ಏನು ಮಾತಾಡಿದ, ಎಷ್ಟು ಹೊತ್ತು ಮಾತಾಡಿದ, ಅದಕ್ಕೆ ಹೋಗುತ್ತೇವೆ. ಬಹುಶಃ ಅದಕ್ಕೇ ಈ ಸೀಸನ್‌ನ ಕೊನೆಗಿಂತ ಅದರ ಅವಸರ ನನ್ನನ್ನು ಜಾಸ್ತಿ ಕಾಡಿತು.

ಕೊನೆಯ ಎಪಿಸೋಡ್‌ನ ಒಂದು ದೃಶ್ಯ ಹೇಳಿ ನನ್ನ ಮಾತು ಮುಗಿಸುತ್ತೇನೆ. ಬ್ರಿಯೆನ್ ಈಗ ರಾಜನ ಕಾವಲು ಪಡೆಯ ಮುಖ್ಯಸ್ಥೆ. ಅದೇ ಪುಸ್ತಕ ತೆರೆಯುತ್ತಾಳೆ. ಜೇಮಿಯ ಪುಟ. ಅವಳೇ ಬರೆಯುತ್ತಾಳೆ. ಕೈ ಕಳೆದುಕೊಂಡದ್ದು, ರಕ್ತ ಹರಿಸದೆ ರಿವರ್‌ರನ್ ಕೋಟೆ ಗೆದ್ದದ್ದು, ಒಬ್ಬನೇ ಉತ್ತರಕ್ಕೆ ಬಂದು ಸತ್ತವರ ಸೈನ್ಯದ ಎದುರು ನಿಂತದ್ದು. ಕೊನೆಗೆ, ರಾಜಧಾನಿಯನ್ನು ನಾಶದಿಂದ ಉಳಿಸಲು ದಕ್ಷಿಣಕ್ಕೆ ಹೊರಟ, ತನ್ನ ರಾಣಿಯನ್ನು ಕಾಯುತ್ತಾ ಸತ್ತ ಅಂತ. ಗಮನಿಸಿದಿರಾ? ಊರನ್ನು ಉಳಿಸಲು ಹೊರಟ ಅಂತ ಬರೆದಳು. ಸರಣಿ ಬರೆದವರು ಜೇಮಿ ಬಾಯಲ್ಲಿ ಬೇರೆ ಮಾತು ಹಾಕಿದರು. ಬ್ರಿಯೆನ್ ಮಾತ್ರ ತಾನು ಕಂಡ ಮನುಷ್ಯನನ್ನೇ ಪುಟಕ್ಕೆ ಇಳಿಸಿದಳು.

ಮಾತಾದ ಮೇಲೆ ಬಂದ ಪ್ರಶ್ನೆಗಳಲ್ಲಿ ಕೆಲವು.

ಒಬ್ಬರು ಕೇಳಿದರು: ಸೀಸನ್ ಮತ್ತೆ ಮಾಡಿ ಅಂತ ಸಹಿ ಸಂಗ್ರಹ ಆಯಿತಲ್ಲ, ನೀವು ಹಾಕಿದಿರಾ?

ಇಲ್ಲ. 10 ಲಕ್ಷಕ್ಕೂ ಹೆಚ್ಚು ಸಹಿ ಬಿದ್ದವು ಅದಕ್ಕೆ. ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಚೆನ್ನಾಗಿಲ್ಲ ಅನ್ನುವ ಹಕ್ಕು ನಮ್ಮದು, ಮತ್ತೆ ಮಾಡಿ ಅನ್ನುವ ಹಕ್ಕು ನಮ್ಮದಲ್ಲ. ಬಡಗಿ, ದರ್ಜಿ, ಮೇಕಪ್‌ನವರು, ರಾತ್ರಿಗಟ್ಟಲೆ ಕೆಸರಲ್ಲಿ ಬಿದ್ದವರು, ಅಷ್ಟೂ ಜನರ ದುಡಿಮೆ ಅದು. ಈ ಸೀಸನ್‌ಗೆ 32 ಎಮ್ಮಿ ನಾಮನಿರ್ದೇಶನ ಬಂದು 12 ಪ್ರಶಸ್ತಿ ಸಿಕ್ಕಿತು. ಅದರಲ್ಲಿ ಹೆಚ್ಚಿನವು ಈ ಕೆಲಸಗಾರರಿಗೇ ಸೇರಿದ್ದು. ಅವರಿಗೆ ಸಿಕ್ಕಿದ್ದು ನನಗೆ ಸಂತೋಷ.

ಇನ್ನೊಬ್ಬರು: ಜೇಮಿ ಆ ಸಾಲನ್ನು ಟಿರಿಯನ್‌ನಿಂದ ತಪ್ಪಿಸಿಕೊಳ್ಳಲು ಹೇಳಿರಬಹುದಲ್ವಾ? ತನಗೆ ಒಳ್ಳೆಯವನಾಗುವುದು ಇನ್ನು ಸಾಧ್ಯ ಇಲ್ಲ ಅಂತ ಅವನಿಗೆ ಅನ್ನಿಸಿರಬಹುದು.

ಹೌದು, ಹಾಗೆ ಓದಬಹುದು. ಜೇಮಿ ಪಾತ್ರದ ನಿಕೊಲಾಯ್ ಕಾಸ್ಟರ್ ವಾಲ್ಡಾವ್ ಆ ಸಾಲನ್ನು ಸುಸ್ತಾದ ದನಿಯಲ್ಲಿ ಹೇಳುತ್ತಾರೆ, ಅದು ನಿಮ್ಮ ಮಾತಿಗೆ ಪುಷ್ಟಿ ಕೊಡುತ್ತದೆ. ನನಗೂ ಹಾಗೇ ಓದಲು ಆಸೆ. ಆದರೆ ಆ ಕೆಲಸವನ್ನು ನಟನ ದನಿಗೆ, ನಮ್ಮ ಪ್ರೀತಿಗೆ ಬಿಟ್ಟರು. ಮೊದಲಿನ ಸೀಸನ್‌ಗಳಲ್ಲಿ ಕಥೆಯೇ ಅದನ್ನು ಮಾಡುತ್ತಿತ್ತು.

ಕೊನೆಗೆ ಒಬ್ಬ ಹುಡುಗಿ ಕೇಳಿದಳು: ನಾನು ಇನ್ನೂ ನೋಡಿಲ್ಲ. ಇಷ್ಟೆಲ್ಲ ಕೇಳಿದ ಮೇಲೆ ನೋಡಬೇಕಾ? ನೋಡಿದರೆ ಏಳಕ್ಕೇ ನಿಲ್ಲಿಸಲಾ?

ನೋಡಮ್ಮ, ಖಂಡಿತ ನೋಡು. ಏಳಕ್ಕೆ ನಿಲ್ಲಿಸಬೇಡ. ನಿಲ್ಲಿಸಿದರೆ ಬ್ರಿಯೆನ್ ನೈಟ್ ಆಗುವುದನ್ನು ನೋಡುವುದಿಲ್ಲ. ಅದನ್ನು ಕಳೆದುಕೊಳ್ಳಬಾರದು. ಎಂಟನೇ ಸೀಸನ್ ಶುರು ಮಾಡುವ ಮುಂಚೆ ಮೂರನೆಯದರ ಐದು, ನಾಲ್ಕನೆಯದರ ನಾಲ್ಕು, ಈ ಎರಡು ಎಪಿಸೋಡ್ ಇನ್ನೊಮ್ಮೆ ನೋಡು. ಆಮೇಲೆ ಎಂಟರ ಎರಡನೆಯದು ಮುಗಿದ ಕೂಡಲೇ ಮುಂದಿನದಕ್ಕೆ ಹೋಗಬೇಡ, ಒಂದೆರಡು ದಿನ ಬಿಡು. ನಮಗೆ ಒಂದು ವಾರ ಸಿಕ್ಕಿತ್ತು, ಆ ವಾರವಿಡೀ ನಾವು ಬ್ರಿಯೆನ್ ಮಾತೇ ಆಡಿದೆವು. ಮೂರನೆಯದನ್ನು ಮಾತ್ರ ರಾತ್ರಿ ನೋಡು, ಫೋನಿನಲ್ಲಿ ಬೇಡ, ಟಿವಿಯಲ್ಲಿ, ಕೋಣೆಯ ದೀಪ ಎಲ್ಲ ಆರಿಸಿ.